ಹುಲ್ಲಿಗೆ ಹಾಕಿದ ಹೊಲಿಗೆ

ಹೆಂಡತಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡದ್ದು ಹಿತ್ತಿಲ ಸಿಮೆಂಟು ನೆಲದ ಪಾಚಿಯ ಮೇಲೆ. ಪಾಚಿ ಕೆರೆಯದೆ ಬಿಟ್ಟ ತನ್ನದೇ ತಪ್ಪು ಎಂದು ದರ್ಜಿ ನಂಬಿದ್ದ. ಆ ನಂಬಿಕೆ ಸುಳ್ಳೇನಲ್ಲ. ಆಪರೇಷನ್ ಮಾಡಿದ ಡಾಕ್ಟರು ಸುತ್ತುಬಳಸಿ ಮಾತಾಡುವವರಲ್ಲ. "ದಿನಾ ನಡೆಸಿ. ಇನ್ನೊಂದು ಸಲ ಬಿದ್ದರೆ ಮಾತ್ರ ಇವರು ನಡೆಯೋ ಆಸೆ ಬಿಟ್ಟುಬಿಡಿ" ಎಂದಿದ್ದರು.

ಒಳಗೆ ನಡೆಯಲು ಜಾಗವೆಲ್ಲಿ? ಒಂದು ಕೋಣೆ ತುಂಬ ಮಂಚ. ಇನ್ನೊಂದರಲ್ಲಿ ಹೊಲಿಗೆಯಂತ್ರ, ಕತ್ತರಿಸುವ ಮೇಜು, ಗಿರಾಕಿಗಳು ಮರೆತುಹೋದ ಪ್ಯಾಂಟುಗಳ ಗಂಟು. ಉಳಿದದ್ದು ಹನ್ನೆರಡು ಹೆಜ್ಜೆಯ ಹಿತ್ತಿಲು. ಅಲ್ಲಿ ಕೃತಕ ಹುಲ್ಲುಹಾಸು ಹಾಕುವುದೆಂದು ದರ್ಜಿ ನಿಶ್ಚಯಿಸಿದ. ಆಳು ಕರೆಸುವ ಯೋಚನೆ ಅವನ ತಲೆಗೇ ಬರಲಿಲ್ಲ. ನಲವತ್ತು ವರ್ಷ ಊರಿನವರ ಮೈಗೆ ಬಟ್ಟೆ ಕೂರಿಸಿದವನಿಗೆ ನೆಲಕ್ಕೆ ಕೂರಿಸುವುದು ಯಾವ ಮಹಾ ಕೆಲಸ!

ಎರಡು ದಿನ ಕೂತು ಪಾಚಿ ಕೆರೆದ. ಹಾಸಿನ ಎರಡು ಸುರುಳಿಗಳನ್ನು ಬಿಡಿಸಿ, ಮಖಮಲ್ಲು ಸವರುವಂತೆ ಅಂಗೈಯಿಂದ ಸವರಿದ. ಎಳೆಗಳು ಒಂದೇ ಕಡೆ ವಾಲುತ್ತವೆ. ಎರಡೂ ತುಂಡು ಹಾಗೇ ವಾಲಬೇಕು. ಸಹಾಯಕ್ಕೆ ಬಂದಿದ್ದ ಹೆಂಡತಿಯ ತಮ್ಮ ಟೈಲ್ಸ್ ಹಾಕುವವನು. "ಇದನ್ನ ಯಾರೂ ಹೇಳದೆ ಕಂಡುಹಿಡಿದ್ರಲ್ಲ, ಭಾವ" ಎಂದು ಮೆಚ್ಚಿದ. ಆ ಮೆಚ್ಚುಗೆಯೇ ಕೆಡಿಸಿತು.

"ಈಗ ಅಂಚಿಗೆ ಅಂಚು ತಾಗಿಸಿ, ಅಡಿಗೆ ಪಟ್ಟಿ ಇಟ್ಟು ಅಂಟು ಬಳೀರಿ. ಅಷ್ಟೇ" ಎಂದ ತಮ್ಮ.

ದರ್ಜಿ ಆಗಲೇ ಎರಡೂ ಅಂಚುಗಳನ್ನು ಅರ್ಧರ್ಧ ಇಂಚು ಕೆಳಕ್ಕೆ ಮಡಚಿ, ಗೋಣಿಸೂಜಿಗೆ ನೈಲಾನ್ ದಾರ ಪೋಣಿಸುತ್ತಿದ್ದ. "ಅಂಟು ಬಿಟ್ಟುಹೋಗುತ್ತೆ. ನನ್ನ ಹೊಲಿಗೆ ಬಿಡಲ್ಲ."

"ಭಾವ, ಇದು ಲಂಗ ಅಲ್ಲ."

"ಜೋಡಿಸೋದನ್ನ ನೀನು ನನಗೆ ಕಲಿಸ್ತೀಯಾ? ಒಳಗೆ ಅಂಚು ಬಿಡದೆ ಹೊಲಿದರೆ, ನಾಳೆ ಮನುಷ್ಯ ದಪ್ಪ ಆದಾಗ ಏನು ಬಿಚ್ತೀಯ?"

ಕಿಟಕಿಯ ಹಿಂದಿನಿಂದ ಹೆಂಡತಿಯ ದನಿ ಬಂತು. "ಯಾಕೆ, ಹಿತ್ತಿಲೂ ದಪ್ಪ ಆಗುತ್ತಾ?"

ಮೂವರೂ ನಕ್ಕರು. ನಗುತ್ತಲೇ ಅವನು ಈ ಗೋಡೆಯಿಂದ ಆ ಗೋಡೆಯವರೆಗೆ ಹೊಲಿದ. ತಮ್ಮ ಹಿಮ್ಮಡಿಯಿಂದ ಒತ್ತಿ ನೋಡಿದ. "ಉಬ್ಬಿದೆ."

"ತುಳಿದು ತುಳಿದು ಕೂತ್ಕೊಳುತ್ತೆ."

"ಇಸ್ತ್ರಿನಾದ್ರೂ ಹಾಕಿ" ಎಂದು ತಮ್ಮ ಹೊರಟುಹೋದ.

ಒಂಬತ್ತು ದಿನ ಅವಳು ವಾಕರ್ ಹಿಡಿದು ನಡೆದಳು. ದರ್ಜಿ ಬೆನ್ನ ಹಿಂದೆಯೇ ಇದ್ದು, ಆರನೆಯ ಹೆಜ್ಜೆಗೆ "ಹೊಲಿಗೆ ಬಂತು" ಎನ್ನುತ್ತಿದ್ದ. ಅವಳು ಕಾಲೆತ್ತುತ್ತಿದ್ದಳು. ಹತ್ತನೆಯ ದಿನ, ಜಿಪ್ ಕಿತ್ತುಹೋದ ಪ್ಯಾಂಟು ಹಿಡಿದು ಯಾರೋ ಮುಂಬಾಗಿಲು ತಟ್ಟಿದರು. "ಒಂದು ನಿಮಿಷ ನಿಂತಿರು" ಎಂದು ಅವನು ಹೋದ. ಅವಳು ನಿಲ್ಲಲಿಲ್ಲ. ಆರನೆಯ ಹೆಜ್ಜೆಗೆ ಹೆಬ್ಬೆರಳು ಸಿಕ್ಕಿತು. ಹಾಸು ಮೆತ್ತಗಿದ್ದುದರಿಂದ ಮುಖಕ್ಕೆ ಗೀರೂ ಆಗಲಿಲ್ಲ. ಮುರಿದದ್ದು ಅದೇ ಸೊಂಟ.

ಡಾಕ್ಟರು ಹೇಳಿದ್ದನ್ನು ಮತ್ತೆ ಹೇಳಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಮಂಚವನ್ನು ಕಿಟಕಿಗೆ ಒತ್ತರಿಸಿದರು. ಮರುದಿನ ಬೆಳಿಗ್ಗೆ ದರ್ಜಿ ಬ್ಲೇಡು ಹಿಡಿದು ಹಿತ್ತಿಲಲ್ಲಿ ಕೂತ. ಹೊಲಿಗೆ ಅವನು ಹೇಳಿದಷ್ಟೇ ಗಟ್ಟಿಯಾಗಿತ್ತು, ಬಿಚ್ಚಲು ಮಧ್ಯಾಹ್ನವಾಯಿತು. ಮಡಚಿದ ಅಂಚುಗಳನ್ನು ಕತ್ತರಿಸಿ ಎಸೆದ. ಅಂಚಿಗೆ ಅಂಚು ತಾಗಿಸಿ, ಪಟ್ಟಿ ಇಟ್ಟು, ಅಂಟು ಬಳಿದು, ಎಳೆಗಳನ್ನು ಹಳೆಯ ಬಾಚಣಿಗೆಯಿಂದ ಬಾಚಿದ. ಹಾಸು ಗೋಡೆಯಿಂದ ಗೋಡೆಗೆ ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ. ಬಿಟ್ಟಿದ್ದ ಅಂಚು ಯಾವುದಕ್ಕೂ ಬೇಕಿರಲಿಲ್ಲ.

"ಈಗ ನೋಡು" ಎಂದ, ಕಿಟಕಿಯ ಕಡೆ ತಿರುಗಿ.

"ಎಲ್ಲಿತ್ತು ಅದು?"

ಅವನು ಬೆರಳಿಟ್ಟು ತೋರಿಸಿದ. ಅವಳು ತುಸು ಹೊತ್ತು ನೋಡಿದಳು.

"ಚೆನ್ನಾಗಿ ಕೂತಿದೆ" ಎಂದಳು. "ಒಳಗೆ ಬಂದು ನನ್ನನ್ನ ಆ ಕಡೆ ಮಗ್ಗುಲಿಗೆ ತಿರುಗಿಸು."

ಅವನು ಕೈಯ ಅಂಟು ಒರೆಸಿಕೊಂಡು ಒಳಗೆ ಹೋದ.