ತಂಗಿ ಉಪ್ಪು ಕೇಳಿದಾಗ

ಕೊರೊನಾ ಗಲಾಟೆ ಮುಗಿದ ಮರುವರ್ಷದ ಬೇಸಿಗೆ. ಅವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಆಂಧ್ರದ ಮಡಕಶಿರಾ ತಾಲ್ಲೂಕಿನಲ್ಲಿ ರೊಳ್ಳದ ಕಡೆ ನಮ್ಮ ಊರು. ನಾನು, ನನ್ನ ಯಜಮಾನರು, ಮದುವೆಯಾಗದ ನನ್ನ ತಂಗಿ ಸುಶೀಲಾ ಮೂವರೂ ಸೇರಿ ರೇಷ್ಮೆ ಹುಳ ಸಾಕುತ್ತೇವೆ. ನಾನು ಓದಿದ್ದು ಐದನೇ ಕ್ಲಾಸು, ತಪ್ಪಿದ್ದರೆ ತಿದ್ದಿಕೊಂಡು ಓದಿ. ಈ ವಿಷಯ ಇಷ್ಟು ದಿನ ಯಾರ ಮುಂದೆಯೂ ಪೂರ್ತಿ ಹೇಳಿರಲಿಲ್ಲ.

ಆ ಬೇಸಿಗೆಯಲ್ಲಿ ಸುಶೀಲಾಗೆ ಸುಸ್ತು ಶುರುವಾಯಿತು. ಒಂದು ಹೊರೆ ಸೊಪ್ಪು ತಂದರೆ ಗೋಡೆಗೆ ಒರಗಿ ಕೂತುಬಿಡುತ್ತಿದ್ದಳು. ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬರುತ್ತದೆ ಅನ್ನುತ್ತಿದ್ದಳು. ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ಅದಕ್ಕೆ ನಾವು ಜ್ವರಕ್ಕೆ ಕೂತಿದೆ ಅನ್ನುತ್ತೇವೆ. "ಹುಳ ನಾಕು ಸಲ ಜ್ವರಕ್ಕೆ ಕೂತ್ರೆ ನೀನು ದಿನಾ ಕೂರ್ತೀಯಲ್ಲೇ" ಎಂದು ನಾನು ಹಂಗಿಸುತ್ತಿದ್ದೆ. ಮೊದಮೊದಲು ನಗುತ್ತಿದ್ದಳು. ಆಮೇಲೆ ಅದನ್ನೂ ಬಿಟ್ಟಳು.

ಸುಶೀಲಾ ಅಪ್ಪನ ಹಾಗೆ ಕೆಂಪಗಿದ್ದವಳು. ಅವ್ವ ಕಪ್ಪು. ಮೂರು ತಿಂಗಳಲ್ಲಿ ತಂಗಿ ಕಪ್ಪಾಗುತ್ತಾ ಬಂದಳು. ಬಿಸಿಲಿಗೆ ಅಂದುಕೊಂಡೆ. ಆದರೆ ಬಿಸಿಲು ತಾಗದ ಅಂಗೈ ಗೆರೆಗಳೂ ಮಸಿ ಎಳೆದಂತಾದವು, ವಸಡೂ ಕಪ್ಪಾಯಿತು. ಮೈ ಇಳಿದು ಕೆನ್ನೆ ಒಳಗೆ ಹೋಯಿತು. ಪಕ್ಕದ ಮನೆಯ ರಂಗಕ್ಕ ಒಂದು ದಿನ ಅವಳು ಬಾಗಿಲಲ್ಲಿ ನಿಂತಿದ್ದನ್ನು ಕಂಡು, "ಎದೆ ಝಲ್ ಅಂತು ಕಣಮ್ಮಿ, ನಿಮ್ಮವ್ವನೇ ನಿಂತಂಗೈತೆ" ಅಂದಳು.

ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಒಂದು ಮಧ್ಯಾಹ್ನ ಅಡುಗೆ ಮನೆಗೆ ಹೋದರೆ, ಸುಶೀಲಾ ಉಪ್ಪಿನ ಜಾಡಿ ತೊಡೆ ಮೇಲಿಟ್ಟುಕೊಂಡು ಕಲ್ಲುಪ್ಪನ್ನು ಕಲ್ಲುಸಕ್ಕರೆಯ ಹಾಗೆ ಚೀಪುತ್ತಿದ್ದಳು. ನನ್ನನ್ನು ನೋಡಿ, "ಬಾಯೆಲ್ಲಾ ಮಣ್ಣಾಗೈತೆ ಕಣಕ್ಕ" ಅಂದಳು. ಅವ್ವನಿಗೆ ಬಿಪಿ ಏರಿ ಕಾಲು ಊದಿದಾಗ ಡಾಕ್ಟರು ಉಪ್ಪು ಬಿಡಿಸಿದ್ದರು. ಕೊನೆಯ ದಿನಗಳಲ್ಲಿ ಅವ್ವ ಇದೇ ಮಾತು ಹೇಳಿ ಒಂದು ಕಲ್ಲುಪ್ಪಿಗೆ ಕೈ ಚಾಚುತ್ತಿದ್ದಳು. ನಾನು ಕೊಡಲಿಲ್ಲ. ಸುಶೀಲಾ ಆಗ ಹಿಂದೂಪುರದ ಗಾರ್ಮೆಂಟ್ಸಿನಲ್ಲಿದ್ದಳು. ಆ ಮಾತನ್ನು ಅವಳು ಕೇಳಿರಲೇ ಇಲ್ಲ.

ಯಜಮಾನರು ಮಡಕಶಿರಾ ಆಸ್ಪತ್ರೆಗೆ ತೋರಿಸೋಣ ಅಂದರು. ಹುಳ ಹಣ್ಣಾಗಿ ಗೂಡು ಕಟ್ಟಲಿ, ಆಮೇಲೆ ನೋಡೋಣ ಎಂದು ತಳ್ಳಿದೆ. ಪಕ್ಕದ ಊರಲ್ಲಿ ಶಾಸ್ತ್ರ ಹೇಳುವ ಮುದುಕಿಯೊಬ್ಬಳ ಹತ್ತಿರ ಹೋದೆ. ತಾಯಿ ಉಪ್ಪಿನ ಆಸೆಗೆ ಮಗಳ ಮೈಮೇಲೆ ಬಂದಿದ್ದಾಳೆ, ಹನ್ನೊಂದು ದಿನ ಸಪ್ಪೆ ಊಟ ಹಾಕು, ಬೇಸತ್ತು ಹೋಗುತ್ತಾಳೆ ಅಂದಳು. ಮನೆಗೆ ಬಂದವಳೇ ಜಾಡಿಯನ್ನು ಟ್ರಂಕಿಗೆ ಹಾಕಿ ಬೀಗ ಜಡಿದೆ. ತಂಗಿಗೆ ಸಪ್ಪೆ ಮುದ್ದೆ, ಸಪ್ಪೆ ಸಾರು ಬೇರೆ ಮಾಡಿ ಬಡಿಸಿದೆ.

ಐದನೇ ದಿನ. ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಸಾವಿರಾರು ಹುಳ ಸೊಪ್ಪು ತಿನ್ನುವ ಸದ್ದು ಕೇಳಿ ಕೇಳಿ ರೂಢಿಯಾದವರಿಗೆ, ಅದು ನಿಂತಾಗ ಮನೆಯೇ ಉಸಿರು ಹಿಡಿದ ಹಾಗಿರುತ್ತದೆ. ಎಲ್ಲವೂ ತಲೆ ಎತ್ತಿಕೊಂಡು ಸುಮ್ಮನಿದ್ದವು. ಬೆಳಿಗ್ಗೆಯಿಂದ ವಾಂತಿ ಮಾಡಿಕೊಂಡು ಸುಶೀಲಾ ಅಲ್ಲೇ ನೆಲದ ಮೇಲೆ ಮಲಗಿದ್ದಳು. "ಒಂದೇ ಒಂದ್ ಕಲ್ಲುಪ್ಪು ಕೊಡಕ್ಕ" ಅಂದಳು. ದನಿಯೂ ಅವ್ವನದೇ ಅನ್ನಿಸಿತು. ನಾನು ಕೈ ಮುಗಿದು, "ಅವ್ವಾ, ಸಾಕು. ಅವಳನ್ನ ಬಿಟ್ಟು ಹೋಗು" ಅಂದೆ.

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಆಮೇಲೆ, "ನಾನು ಕಣಕ್ಕ, ಸುಶೀಲಾ" ಅಂದಳು.

ನಾನು ನಂಬಲಿಲ್ಲ. ಹೋಗು ಎಂದು ಮತ್ತೆ ಅಂದೆ. ಅವಳ ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು. ಮೈ ಮುಟ್ಟಿದರೆ ತಣ್ಣಗಿತ್ತು. ಸದ್ಯ, ಬಂದವಳು ಬಿಟ್ಟು ಹೋದಳು ಎಂದು ಆ ಗಳಿಗೆಯಲ್ಲಿ ನನಗೆ ಸಮಾಧಾನವಾಯಿತು. ಬರೆಯಲು ನಾನು ಹೆದರಿದ್ದು ಇದನ್ನೇ.

ಹೊಲದಿಂದ ಬಂದ ಯಜಮಾನರು 108ಕ್ಕೆ ಫೋನ್ ಮಾಡಿದರು. ಮಡಕಶಿರಾದಲ್ಲಿ ಬಿಪಿ ಸಿಗಲೇ ಇಲ್ಲ. ಸಲೈನ್ ಹಾಕಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿನ ಡಾಕ್ಟರು ಅವಳ ವಸಡು, ಅಂಗೈ ನೋಡಿ, "ಈಮೆ ಉಪ್ಪು ಎಕ್ಕುವ ತಿಂಟುಂದಾ?" ಎಂದು ತೆಲುಗಿನಲ್ಲಿ ಕೇಳಿದರು. ಉಪ್ಪು ಜಾಸ್ತಿ ತಿನ್ನುತ್ತಾಳಾ ಎಂದು ಅವರು ಕೇಳಿದ ತಕ್ಷಣ ನಾನು ಅಳುತ್ತಾ ಉಪ್ಪು ಬಚ್ಚಿಟ್ಟಿದ್ದನ್ನು ಹೇಳಿದೆ. ಅವರು ಬೈಯಲಿಲ್ಲ. ರಕ್ತ ಪರೀಕ್ಷೆ ಬಂದ ಮೇಲೆ ಕೂರಿಸಿಕೊಂಡು ತಿಳಿಸಿದರು. ಕಿಡ್ನಿಯ ಮೇಲೆ ಎರಡು ಸಣ್ಣ ಗ್ರಂಥಿಗಳಿರುತ್ತವಂತೆ. ಜ್ವರ, ದುಡಿಮೆ, ಗಾಬರಿ ಏನೇ ಬಂದರೂ ಮೈ ತಡೆದುಕೊಳ್ಳುವುದು ಅವು ಕೊಡುವ ಹಾರ್ಮೋನಿನಿಂದಂತೆ. ಇವಳಿಗೆ ಅವು ಕೆಲಸ ನಿಲ್ಲಿಸಿದ್ದವು. ಸುಸ್ತು, ಕಪ್ಪು ಎಲ್ಲವೂ ಅದರಿಂದಲೇ. ಮೈಯಲ್ಲಿ ಉಪ್ಪು ನಿಲ್ಲದೆ ಸೋರಿ ಹೋಗುತ್ತಿತ್ತು, ಅದಕ್ಕೇ ಕೇಳುತ್ತಿದ್ದಳು. ಅದನ್ನೂ ತಪ್ಪಿಸಿದ್ದರಿಂದ ಇಷ್ಟು ಬೇಗ ಕುಸಿದಳು ಅಂದರು. ಅವ್ವನ ಮಾತು ಅವಳ ಬಾಯಿಗೆ ಹೇಗೆ ಬಂತು ಎಂದು ಮಾತ್ರ ನಾನು ಕೇಳಲಿಲ್ಲ.

ಈಗ ದಿನಾ ಮಾತ್ರೆ ನುಂಗುತ್ತಾಳೆ, ಒಂದು ಹೊತ್ತೂ ತಪ್ಪಿಸುವಂತಿಲ್ಲ. ಜ್ವರ ಬಂದರೆ ಡಾಕ್ಟರು ಹೇಳಿದಷ್ಟು ಹೆಚ್ಚಿಸಬೇಕು. ಬಣ್ಣ ನಿಧಾನವಾಗಿ ತಿರುಗಿತು. ಮತ್ತೆ ಸೊಪ್ಪಿನ ಹೊರೆ ಹೊರುತ್ತಾಳೆ.

ಹೋದ ವರ್ಷ ಇಬ್ಬರೂ ಗೂಡು ಬಿಡಿಸುತ್ತಾ ಕೂತಿದ್ದಾಗ, ಧೈರ್ಯ ಮಾಡಿ ತಪ್ಪಾಯಿತು ಕಣೇ ಅಂದೆ. ಅವಳು ಕೈ ನಿಲ್ಲಿಸದೆ ಹೇಳಿದಳು: "ಸಿಟ್ಟೇನಿಲ್ಲ ಕಣಕ್ಕ. ನೀನು ಹೋಗು ಅಂದಾಗ ಹೋಗೇಬಿಡಾನ ಅನ್ನಿಸ್ತು. ಎಲ್ಲಿಗೆ ಅಂತ ಗೊತ್ತಾಗ್ಲಿಲ್ಲ, ಅದಕ್ಕೇ ಉಳಕಂಡೆ." ಹಾಗಂದು ನಕ್ಕಳು.

ನನಗೆ ನಗು ಬರಲಿಲ್ಲ. ಇವತ್ತಿಗೂ ಅವಳು ಹೊಲಕ್ಕೋ ಸಂತೆಗೋ ಹೊರಟು ನಿಂತರೆ, ಹೋಗು ಅನ್ನಲು ನಾಲಿಗೆ ಏಳುವುದಿಲ್ಲ. ಬೇಗ ಬಾ ಅನ್ನುತ್ತೇನೆ, ಅಷ್ಟೇ.