ಕೊಟ್ರಮ್ಮನ ಗೌರಿ

ಹಿಟ್ಟಿನ ಗಿರಣಿ ನಡೆಸುತ್ತ ಅದರ ಹಿಂದಿನ ಮನೆಯಲ್ಲೇ ಬಿಳಿ ಇಲಿ ಸಾಕುವ ಧೈರ್ಯ ಇಡೀ ಚಿತ್ತವಾಡ್ಗಿಯಲ್ಲಿ ಕೊಟ್ರಮ್ಮನಿಗೆ ಮಾತ್ರ ಇದೆ. ಗಿರಣಿಗೆ ನುಗ್ಗುವ ಕರಿ ಇಲಿಗಳಿಗೆ ಬೋನು ಇಡುವ ಕೈಯೇ ಒಳಗೆ ಬಿಳಿ ಇಲಿಗಳಿಗೆ ರೊಟ್ಟಿ ಮುರಿದು ಹಾಕುತ್ತದೆ. ಕೇಳಿದರೆ, "ಅವು ಕಳ್ಳರ್ರಿ, ಇವು ಮನಿ ಮಕ್ಳು" ಎನ್ನುತ್ತಾಳೆ. ಕೆಟ್ಟುಹೋದ ಕೂಲರಿನ ಡಬ್ಬಿಯೇ ಬಾಣಂತಿ ಕೋಣೆ. ಯಾವುದಾದರೂ ಇಲಿ ಮರಿ ಹಾಕಿತೆಂದರೆ ಅವತ್ತು ಗಿರಣಿ ಬಂದ್, ಸದ್ದಿಗೆ ತಾಯಿ ಬೆದರುತ್ತದಂತೆ. ಜೋಳ ಹೊತ್ತು ಬಂದವರು ನಾಳೆ ಬರಬೇಕು. ಮರಿ ಕೇಳಿಕೊಂಡು ಬಂದವರನ್ನು ಹೆಣ್ಣು ಕೊಡುವವರ ಗತ್ತಿನಲ್ಲೇ ವಿಚಾರಿಸುತ್ತಾಳೆ: "ಮನ್ಯಾಗ ಬೆಕ್ಕು ಐತೇನ್ರಿ? ಒಬ್ಬಾಕೀನ ಬಿಟ್ಟು ಊರೂರು ತಿರಗಾಕ ಹೋಗಂಗಿಲ್ಲ, ಹೌದಿಲ್ರಿ?" ಒಪ್ಪಿಗೆಯಾದರೆ ಹೆಣ್ಣುಮರಿಗೆ ಉಡಿ ತುಂಬಿಯೇ ಕಳಿಸುವುದು, ಪೆಟ್ಟಿಗೆಯ ಮೂಲೆಯಲ್ಲಿ ಹಿಡಿ ಅಕ್ಕಿ, ಒಂದು ಚೂರು ಕೊಬ್ಬರಿ. ಗಂಡ ಹಾಲೇಶಪ್ಪನದು ದಿನವಿಡೀ ಒಂದೇ ರಾಗ: "ಇವುನ್ನೆಲ್ಲ ಹೊಳಿ ದಂಡಿಗೆ ಬಿಟ್ಟು ಬರ್ತೀನಿ ನೋಡು." ಇಪ್ಪತ್ತು ವರ್ಷದ ಹಿಂದೆ ತಾನು ಮದುವೆಯಾಗಿ ಬಂದಾಗಿನಿಂದ ತನ್ನ ಮುದ್ದಿನ ಇಲಿ ಗೌರಿ ಜೊತೆಗಿದ್ದಾಳೆಂದು ಕೊಟ್ರಮ್ಮ ಎಲ್ಲರಿಗೂ ಹೇಳುತ್ತಾಳೆ. ಆದರೆ ಇಲಿಯ ಆಯುಸ್ಸು ಎರಡು ವರ್ಷ ದಾಟುವುದೇ ಕಷ್ಟ. ಗೌರಿ ತಣ್ಣಗಾದ ದಿನ ಕೊಟ್ರಮ್ಮ ಉಣ್ಣುವುದಿಲ್ಲ. ಹಾಲೇಶಪ್ಪ ನುಗ್ಗೆಗಿಡದ ಬುಡದಲ್ಲಿ ಕುಣಿ ತೋಡಿ, ಮಣ್ಣು ಮುಚ್ಚಿ, ಕೈ ತೊಳೆದು, ಕೂಲರಿನ ಡಬ್ಬಿಯಿಂದ ಒಂದು ಮರಿಯನ್ನೆತ್ತಿ ಅವಳ ಮಡಿಲಿಗೆ ಬಿಡುತ್ತಾನೆ: "ಹೋಗವ್ವ ಗೌರಿ, ನಿಮ್ಮವ್ವ ಇನ್ನಾ ಉಂಡಿಲ್ಲ."