ಕೊಬ್ಬರಿ ತಕ್ಕಡಿಯ ಶನಿವಾರಗಳು

ಕುಮಟೆಯ ಪೇಟೆಯಲ್ಲಿ ಒಣಕೊಬ್ಬರಿಯ ಚೀಲ ಬಿಚ್ಚಿದ ವಾಸನೆ ಬಂದರೆ ನಾನು ರಸ್ತೆಯ ಆಚೆ ಬದಿಗೆ ದಾಟುತ್ತೇನೆ. ನಿಮಗೂ ಅಂಥ ಒಂದು ವಾಸನೆ ಇರಬಹುದು. ಹಳದೀಪುರದ ಹೆದ್ದಾರಿಯ ಪಕ್ಕದಲ್ಲಿ ಕೊಬ್ಬರಿ ವ್ಯಾಪಾರಿಯೊಬ್ಬರು ತಮ್ಮ ಹಳೆಯ ಗೋದಾಮನ್ನು ದೀರ್ಘ ಕಾಯಿಲೆಯ ಮಕ್ಕಳಿಗೆಂದು ಬಿಟ್ಟುಕೊಟ್ಟಿದ್ದರು. ಅವರದೇ ಮಗುವೊಂದು ವರ್ಷಗಟ್ಟಲೆ ಹಾಸಿಗೆ ಹಿಡಿದು ತೀರಿಕೊಂಡಿತ್ತಂತೆ. ಎಷ್ಟು ಸಲ ಸುಣ್ಣ ಬಳಿದರೂ ಗೋಡೆಯಲ್ಲಿ ಎಣ್ಣೆಯ ಕಲೆ ಎದ್ದುಬರುತ್ತಿತ್ತು; ನಮ್ಮ ಹೊದಿಕೆಗೆ, ಗಂಜಿಗೆ, ಔಷಧಕ್ಕೆ ಎಲ್ಲಕ್ಕೂ ಕೊಬ್ಬರಿಯ ವಾಸನೆ. ಹೃದಯದ ಕವಾಟ ಕೆಟ್ಟಿದ್ದ ನನ್ನನ್ನು ಅಪ್ಪ ಹೆಬಳೆಯಿಂದ ತಂದು ಅಲ್ಲಿ ಬಿಟ್ಟಾಗ ನನಗೆ ಒಂಬತ್ತು ವರ್ಷ. ನಾವು ಹನ್ನೊಂದು ಮಕ್ಕಳಿದ್ದೆವು. ನಮ್ಮನ್ನು ನೋಡಿಕೊಳ್ಳುತ್ತಿದ್ದವರು ನಿವೃತ್ತ ನರ್ಸ್ ಶಾರದಕ್ಕ.

ತೊಲೆಗೆ ಕಟ್ಟಿದ್ದ ಕೊಬ್ಬರಿ ತಕ್ಕಡಿಯೇ ನಮ್ಮ ತಕ್ಕಡಿ. ಪ್ರತಿ ಶನಿವಾರ ಒಬ್ಬೊಬ್ಬರಾಗಿ ಒಂದು ಹಲಗೆಯ ಮೇಲೆ ಕೂರುತ್ತಿದ್ದೆವು. ಇನ್ನೊಂದರ ಮೇಲೆ ಶಾರದಕ್ಕ ತೂಕದ ಕಲ್ಲು ಇಡುತ್ತಿದ್ದರು. ಎರಡು ವಾರ ಸತತ ತೂಕ ಇಳಿದವರನ್ನು ದೂರದ ದೊಡ್ಡ ಆಸ್ಪತ್ರೆಗೆ ಕಳಿಸಬೇಕೆಂಬುದು ನಮ್ಮನ್ನು ನೋಡುತ್ತಿದ್ದ ಡಾಕ್ಟರರ ನಿಯಮ. ನಾನು ಬಂದ ಮೊದಲ ವರ್ಷ ನಾಲ್ವರು ಹೋದರು. ಒಬ್ಬರೂ ಮರಳಲಿಲ್ಲ. ಅವರ ಚಾಪೆ ಸುತ್ತಿಟ್ಟ ಮೂಲೆಯತ್ತ ನಾವು ನೋಡುತ್ತಿರಲಿಲ್ಲ.

ನನ್ನ ಪಕ್ಕದ ಚಾಪೆಯವಳು ಮಾದೇವಿ. ಹೊನ್ನಾವರದ ಮೀನುಗಾರರ ಹುಡುಗಿ, ಶ್ವಾಸಕೋಶದ ಕಾಯಿಲೆ. ಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡುಗಳನ್ನು ಅವಳ ಅಪ್ಪ ಆಡಲೆಂದು ತಂದುಕೊಟ್ಟಿದ್ದರು. ಒಂದು ಶನಿವಾರ ಅವಳ ತೂಕ ಇಳಿಯಿತು. ಮುಂದಿನ ಶುಕ್ರವಾರ ಮಧ್ಯಾಹ್ನ ಆ ಗುಂಡುಗಳನ್ನೆಲ್ಲ ನನ್ನ ಮಡಿಲಿಗೆ ಸುರಿದಳು.

"ಲಂಗದ ಅಂಚಿಗೆ ಹಾಕಿ ಹೊಲಿ ಮಾರಾಯ್ತಿ. ನಿನ್ನ ಹೊಲಿಗೆ ಕಾಣೂದಿಲ್ಲ."

"ಶಾರದಕ್ಕಂಗೆ ಗೊತ್ತಾದ್ರೆ?"

"ಗೊತ್ತಾದ್ರೆ ಎಂತ? ಬಯ್ತಾರೆ. ಅಲ್ಲಿಗೆ ಹೋದ್ರೆ ನಾ ಸಾಯ್ತೆ."

ಸದ್ದಾಗದಂತೆ ಕೆಲವು ಗುಂಡುಗಳಿಗೆ ಹತ್ತಿ ಸುತ್ತಿ, ಶಾರದಕ್ಕನೇ ಕಲಿಸಿದ ಸಣ್ಣ ಹೊಲಿಗೆಯಲ್ಲಿ ಮುಚ್ಚಿದೆ. ಮರುದಿನ ಅವಳು ಕೂತ ಹಲಗೆ ಕೆಳಗಿಳಿಯಿತು. "ಓಹೋ! ಹೀಂಗೇ ಆದ್ರೆ ಕೊಬ್ಬರಿ ಸಂಗ್ತಿಗೆ ನಿನ್ನೂ ಎಣ್ಣೆ ಗಾಣಕ್ಕೇ ಕಳಸೂದು," ಎಂದು ಶಾರದಕ್ಕ ಅವಳ ಕೆನ್ನೆ ಹಿಂಡಿದರು. ಆಮೇಲೆ ಪ್ರತಿ ವಾರ ಎರಡೆರಡು ಗುಂಡು ಸೇರಿಸುತ್ತ ಹೋದೆ. ಐದನೆಯ ಶನಿವಾರ ತಕ್ಕಡಿಯವರೆಗೆ ನಡೆಯಲು ಅವಳಿಂದ ಆಗಲಿಲ್ಲ. ಆಸ್ಪತ್ರೆಗೆ ಒಯ್ಯುವ ಕಾರು ಬರುವಷ್ಟರಲ್ಲಿ ಅವಳ ಉಸಿರು ನಿಂತಿತ್ತು.

ಅವಳ ಬಟ್ಟೆ ಮಡಚುವಾಗ ಲಂಗ ಭಾರವೆನಿಸಿ ಶಾರದಕ್ಕ ಅಂಚು ಬಿಚ್ಚಿದರು. ಹೊಲಿಗೆ ಯಾರದೆಂದು ಅವರಿಗೆ ತಿಳಿಯಿತು. ಕೇಳುವ ಮೊದಲೇ ನಾನು ಹೇಳಿದೆ: "ಅಲ್ಲಿಗೆ ಹೋದವ್ರು ಯಾರೂ ಬರ್ಲಿಲ್ಲ."

ಅವರು ಉಳಿದ ದಾರವನ್ನೂ ಎಳೆದು ತೆಗೆದರು. "ನಾಲ್ಕೂ ಮಂದಿ ಗುಣ ಆಗಿ ಸೀದಾ ಮನೀಗೆ ಹೋದ್ರು ಮಗಾ. ನಿಮ್ಗೆ ಹೇಳ್ಬೇಕು ಅಂತ ನಂಗೆ ಹೊಳೀಲೇ ಇಲ್ಲ."

ಸಂಜೆ ಬಂದ ಮಾದೇವಿಯ ಅಪ್ಪನ ಕೈಗೆ ಗುಂಡುಗಳನ್ನು ಕೊಟ್ಟರು. ಎಲ್ಲಿದ್ದವೆಂದು ಹೇಳಲಿಲ್ಲ. "ಆಡೂಕಾದ್ರೂ ಆತು ಅವ್ಳಿಗೆ," ಎಂದು ಆ ಅಪ್ಪ ನನ್ನ ತಲೆ ಸವರಿದರು.

ಈಗ ಹೆದ್ದಾರಿ ಅಗಲವಾಗಿ ಗೋದಾಮು ಹೋಗಿದೆ. ಶಾರದಕ್ಕನೂ ಇಲ್ಲ. ಮಾದೇವಿ ಸತ್ತ ಮೇಲೆ ಅವರು ಒಂದು ಹಟ ಹಿಡಿದಿದ್ದರು: ಆಸ್ಪತ್ರೆಯಲ್ಲಿ ಗುಣವಾದವರು ಮನೆಗೆ ಹೋಗುವ ಮೊದಲು ಇಲ್ಲಿಗೆ ಬಂದು ಮುಖ ತೋರಿಸಬೇಕು. ಮರುವರ್ಷ ಅದೇ ಆಸ್ಪತ್ರೆಯಲ್ಲಿ ನನ್ನ ಎದೆಯ ಶಸ್ತ್ರಚಿಕಿತ್ಸೆಯಾಯಿತು. ನಾನೂ ಹಾಗೆಯೇ ಮುಖ ತೋರಿಸಲು ಬಂದೆ. ಮಕ್ಕಳೆಲ್ಲ ಸುತ್ತ ನಿಂತು ನೋಡುತ್ತಿದ್ದರು. ಹಲಗೆಯ ಮೇಲೆ ಕೂರಿಸುವ ಮೊದಲು ಶಾರದಕ್ಕ ಬಗ್ಗಿ ನನ್ನ ಲಂಗದ ಅಂಚನ್ನು ಸುತ್ತಲೂ ಬೆರಳಿನಿಂದ ಮುಟ್ಟಿ ನೋಡಿದರು.